ಗಟಾರಕ್ಕಿಳಿದ ಕಾಗದದ ಬೋಟು

ಮಳೆಗಾಲ ಬಂತೆಂದರೆ ನಮ್ಮ ಮಾವಳ್ಳಿಯ ಅಂಗನವಾಡಿಯಲ್ಲಿ ಹಳೇ ಪೇಪರು ಒಂದೂ ಉಳಿಯುವುದಿಲ್ಲ. ಎಲ್ಲವೂ ದೋಣಿಯಾಗಿ ಗಟಾರ ಸೇರುತ್ತವೆ. ಮಕ್ಕಳಿಗೆ ಮಡಚಲು ಕಲಿಸಿದವಳು ಅಲ್ಲಿಯ ಅಕ್ಕೋರಾದ ನಾನೇ, ಹಾಗಾಗಿ ದೋಣಿ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು ಅನ್ನಿ.

ಕಳೆದ ಮಳೆಗಾಲದಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳು ದಿನಾ ಅಪ್ಪನ ಲುಂಗಿ ಹಿಡಿದು ಅಳುತ್ತ ಬರುತ್ತಿದ್ದಳು. ಮಳೆಗಾಲದಲ್ಲಿ ಬೋಟುಗಳು ಕಡಲಿಗಿಳಿಯದ ಮೀನುಗಾರಿಕೆಯ ರಜೆಗೆ ತುಸು ಮುಂಚೆ ಅವನ ಬೋಟಿನ ಎಂಜಿನ್ ನಡುಗಡಲಲ್ಲಿ ಕೆಟ್ಟು, ಮನೆಯವರೆಲ್ಲ ರಾತ್ರಿಯಿಡೀ ಜೀವ ಕೈಯಲ್ಲಿ ಹಿಡಿದು ಕೂತಿದ್ದರಂತೆ. ಈಗ ರಜೆ ಮುಗಿದಿತ್ತು, ಮರುದಿನವೇ ಬೋಟು ಹೊರಡಬೇಕು. "ಅಪ್ಪ ಹೋಗೂದು ಬೇಡ" ಎಂದು ಕೂಸು ಊಟವನ್ನೇ ಬಿಟ್ಟಿತ್ತು. "ಹೋಗದೆ ಇದ್ರೆ ಉಣ್ಣೂದು ಎಂತ ಅಕ್ಕೋರೆ?" ಎಂದು ಅವಳಪ್ಪ ನನ್ನನ್ನೇ ಕೇಳಿದ.

ಅಳು ಮರೆಸೋಣವೆಂದು ಅವತ್ತು ಎಲ್ಲರಿಂದಲೂ ದೋಣಿ ಮಾಡಿಸಿದೆ. ತನ್ನದು ಮುಗಿಯುತ್ತಲೇ ಅವಳು, "ಇದು ಅಪ್ಪನ ಬೋಟು" ಎಂದಳು. ಮಳೆ ತುಸು ಬಿಟ್ಟಿತ್ತು. ದೋಣಿಗಳೆಲ್ಲ ಗಟಾರಕ್ಕಿಳಿದವು. ಆಗ ಹೊಳೆಯಿತು ನೋಡಿ ನನ್ನ ಮಂಡೆಗೆ! ಪೇಪರ್ ದೋಣಿ ಎಷ್ಟು ಹೊತ್ತು ತೇಲೀತು? ಅಯ್ಯೋ ದೇವರೇ, ಈ ಕೂಸಿನ ಕಣ್ಣೆದುರೇ ಅದು ಮುಳುಗಿದರೆ? ಎಂಥ ಕೆಲಸ ಮಾಡಿಟ್ಟೆ!

ಹೆದರಿದ ಹಾಗೇ ಆಯಿತು. ಅವಳ ದೋಣಿ ಕಲ್ಲಿಗೆ ತಾಗಿ ನಿಂತಿತು. ಬದಿ ಮೆತ್ತಗಾಗಿ ಒಳಗೆ ನೀರು ನುಗ್ಗತೊಡಗಿತು. ಹುಡುಗಿ ಗಟಾರದ ಬದಿಗೆ ಕುಕ್ಕರಿಸಿದಳು. ನಾನು ಕೈ ಹಾಕುವಷ್ಟರಲ್ಲಿ ಒಬ್ಬ ಪೋರ ಕೂಗಿದ, "ಬೋಟು ಕೆಟ್ ಹೋತು! ಎಲ್ಲಾ ಬನ್ರೋ!"

ಮುಂದೆ ಹೋಗಿದ್ದ ದೋಣಿಗಳನ್ನು ಮಕ್ಕಳು ಹಿಂದಕ್ಕೆ ತಂದರು. ಎರಡನ್ನು ಅವಳ ದೋಣಿಯ ಅಕ್ಕಪಕ್ಕ ಒತ್ತಿ ಹಿಡಿದರು. "ಅಕ್ಕೋರೆ, ನಿಮ್ಮ ಮಲ್ಲಿಗೆ ದಂಡೆ ಕೊಡಿ, ಹಗ್ಗ ಬೇಕು" ಎಂದಳು ಇನ್ನೊಬ್ಬಳು. ಕೊಟ್ಟೆನೆಲ್ಲಿ, ಮುಡಿಯಿಂದಲೇ ಕಸಿದುಕೊಂಡರು! ಹೂವೆಲ್ಲ ಕಿತ್ತೆಸೆದು, ದಂಡೆ ಕಟ್ಟಿದ್ದ ಬಾಳೆನಾರನ್ನು ಮೂರು ದೋಣಿಗೂ ಸುತ್ತಿ, "ಹೋಯ್, ಸಾವಕಾಶ ಎಳಿ!" ಎಂದು ಒಬ್ಬರಿಗೊಬ್ಬರು ಬೈಯುತ್ತ ಎಳೆದರು. ಪಕ್ಕದ ದೋಣಿಗಳು ನೆನೆದು ಮುದ್ದೆಯಾದವು. ನನ್ನದು ಹೋಯಿತೆಂದು ಯಾರೂ ಅಳಲಿಲ್ಲ. ಅವಳದು ದಡ ಸೇರಿತು.

ಕಡಲಲ್ಲಿ ಒಂದು ಬೋಟು ಕೆಟ್ಟರೆ ಉಳಿದವರು ಬಲೆ ಎತ್ತಿಟ್ಟು ಬರುತ್ತಾರೆ, ಕಟ್ಟಿ ಎಳೆದು ತರುತ್ತಾರೆ. ಈ ಕೇರಿಯ ವಾಡಿಕೆ ಅದು. ಅವಳಪ್ಪನನ್ನು ತಂದದ್ದೂ ಹಾಗೆಯೇ. ಮೂಗು ಸುರಿಸುವ ಈ ಚಿಳ್ಳೆಪಿಳ್ಳೆಗಳಿಗೆ ಅದನ್ನು ಯಾರು ಕೂರಿಸಿ ಕಲಿಸಿದರು? ನಾನಂತೂ ಅಲ್ಲ. ದೇವರಾಣೆ, ಆ ಗಟಾರದ ಬದಿಯಲ್ಲಿ ನನಗೆ ಅವರಿಗೆಲ್ಲ ಕೈ ಮುಗಿಯಬೇಕು ಅನ್ನಿಸಿತು.

ಮಧ್ಯಾಹ್ನ ಅವಳಪ್ಪ ಕರೆದೊಯ್ಯಲು ಬಂದವನು, ಮತ್ತೆ ಅಳು ಶುರುವಾದೀತೆಂದು ಬಾಗಿಲಾಚೆಯೇ ನಿಂತ. ಅವಳು ಹೋಗಿ ಕೇಳಿದಳು, "ಅಪ್ಪ, ನಾಳೆ ನಿನ್ ಜೊತಿಗೆ ಯಾರ್ಯಾರ ಬೋಟು ಬತ್ತದೆ?"

ಅವನು ಒಬ್ಬೊಬ್ಬರ ಹೆಸರು ಹೇಳುತ್ತ ಹೋದ. ಅವಳು ಒಂದೊಂದು ಹೆಸರಿಗೂ ತಿರುಗಿ, ಒಳಗಿದ್ದ ಮಕ್ಕಳಲ್ಲಿ ಆ ಮನೆಯದು ಎಲ್ಲಿದೆ ಎಂದು ಹುಡುಕಿ ನೋಡಿದಳು. ಆಮೇಲೆ ಅಪ್ಪನಿಗೆ ಹೇಳಿದಳು, "ಹಂಗಾರೆ ಹೋಗಿ ಬಾ."