ಬಳೆ ಸದ್ದಾಗದ ಹಾಗೆ

ನನ್ನ ಕೋಣೆಯ ಮುಂದೆ ಹಾದುಹೋಗುವಾಗ ನಮ್ಮತ್ತೆ ಎರಡೂ ಕೈಯ ಗಾಜಿನ ಬಳೆಗಳನ್ನು ಮೊಣಕೈ ಕಡೆಗೆ ಏರಿಸಿಕೊಳ್ಳುತ್ತಿದ್ದರು. ದಪ್ಪ ಕೈ ಅವರದು. ಬಳೆಗಳು ಅಲ್ಲಿ ಬಿಗಿಯಾಗಿ ಕೂತು ಸುತ್ತಲೂ ಕೆಂಪು ಗೆರೆ ಮೂಡುತ್ತಿತ್ತು. ಅಡುಗೆಮನೆ ಸೇರಿದ ಮೇಲೆ ಇಳಿಸಿಕೊಂಡು ಕೈ ಉಜ್ಜಿಕೊಳ್ಳುವರು. ಒಳಗೆ ನಾನು ಕಾದಂಬರಿ ಬರೆಯುತ್ತಿದ್ದೆನಲ್ಲ, ನನಗೆ ಸದ್ದಾಗಬಾರದು!

ಒಂಟಿಕೊಪ್ಪಲಿನ ಆ ಮನೆಗೆ ಸೊಸೆಯಾಗಿ ಬಂದಾಗ ಬರೆಯುವ ಹುಚ್ಚನ್ನು ಮುಚ್ಚಿಟ್ಟುಕೊಂಡೇ ಬಂದಿದ್ದೆ. ಗೊತ್ತಾದ ಮೇಲೆ ಒಬ್ಬೊಬ್ಬರದು ಒಂದೊಂದು ಉಪಕಾರ. ಗೆಳತಿಯರು ಸಿಕ್ಕಾಗಲೆಲ್ಲ "ಇನ್ನೂ ಮುಗೀಲಿಲ್ವೇನೇ?" ಎಂದು ಜೀವ ತಿನ್ನುತ್ತಿದ್ದರು. ನನ್ನ ಗಂಡ ಪಾಪ ಒಳ್ಳೆಯವರೇ, ಆದರೆ ಬೆನ್ನ ಹಿಂದೆ ನಿಂತು ಅರ್ಧ ಸಾಲು ಓದಿ "ಇಲ್ಲಿ ಸ್ವಲ್ಪ ತಮಾಷೆ ಸೇರಿಸು" ಎನ್ನುತ್ತಿದ್ದರು. ಅತ್ತೆ ಒಬ್ಬರೇ ಏನನ್ನೂ ಕೇಳಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ನನ್ನ ಕೈಯಿಂದ ಪಾತ್ರೆ ಕಿತ್ತುಕೊಂಡು "ಹೋಗು, ಕೂತ್ಕೋ ಹೋಗು" ಎನ್ನುವರು, ಅಷ್ಟೇ. ಸಂಜೆ ಕಾಫಿಯವರೆಗೆ ನನ್ನ ಕೋಣೆಯ ಬಾಗಿಲು ಯಾರಿಗೂ ತೆರೆಯುತ್ತಿರಲಿಲ್ಲ.

ಒಮ್ಮೆ ಅವರ ಸ್ವಂತ ಅಣ್ಣನೇ ಊರಿಂದ ಬಂದು ಹಜಾರದಲ್ಲಿ ಕೂತು, "ಎಲ್ಲವ್ಳವ್ವ ನಿನ್ ಸೊಸೆ? ಕರಿ" ಎಂದು ಗಟ್ಟಿಯಾಗಿ ಕೂಗಿದರು.

"ಮೆಲ್ಲಗೆ ಮಾತಾಡಣ್ಣ. ಒಳಗೆ ಬರೀತಾವ್ಳೆ."

"ಅದೇನು ಹೆರಿಗೇನಾ, ಬಾಗ್ಲು ಹಾಕ್ಕೊಂಡು ಕೂರಕ್ಕೆ?"

"ಅಂಗೇ ಅನ್ಕೋ. ಕಾಫಿ ಕುಡಿ."

ಅಣ್ಣ ಮುನಿಸಿಕೊಂಡು ಹೊರಟೇಹೋದರು. ನಾನೋ, ಆ ಮಧ್ಯಾಹ್ನವೆಲ್ಲ ಗೋಡೆ ನೋಡುತ್ತ ಕೂತಿದ್ದೆ, ಒಂದು ಸಾಲೂ ಹುಟ್ಟಿರಲಿಲ್ಲ. ಸಂಜೆ ನಾಚಿಕೆಯಿಂದ ಹೇಳಿದರೆ ಅತ್ತೆ ನಕ್ಕುಬಿಟ್ಟರು. "ಕೂತಿದ್ದೆ ತಾನೇ? ನಾಳೆ ಬತ್ತದೆ ಬುಡು."

"ಸ್ವಲ್ಪ ಓದಿ ನೋಡಿ ಅತ್ತೆ" ಎಂದರೆ ಮಾತ್ರ ಒಪ್ಪುತ್ತಿರಲಿಲ್ಲ. ದಿನಪತ್ರಿಕೆಯ ಮೂಲೆಮೂಲೆಯನ್ನೂ ಬಿಡದೆ ಓದುವ ಹೆಂಗಸು! "ಈಗ್ಲೇ ಓದಿದ್ರೆ ನನ್ ಬಾಯಿ ಸುಮ್ನಿರಲ್ಲ ಕಣಮ್ಮ. ಏನಾದ್ರೂ ಅಂದ್ಬುಡ್ತೀನಿ, ನಿನ್ ಮನಸ್ಸು ಮುರೀತದೆ. ಪುಸ್ತಕ ಆಗ್ಲಿ. ಮೊದ್ಲು ನಾನೇ ಓದೋದು, ಬೇರೆ ಯಾರಿಗೂ ಕೊಡ್ಬ್ಯಾಡ."

ಕಾದಂಬರಿ ಅರ್ಧ ದಾಟಿರುವಾಗ ಅವರಿಗೆ ಮರೆವು ಶುರುವಾಯಿತು. ಮೊದಮೊದಲು ಸಾರಿಗೆ ಉಪ್ಪು, ಆಮೇಲೆ ನೆಂಟರ ಹೆಸರುಗಳು. ಹೋದ ನೆನಪು ವಾಪಸ್ ಬರುವುದಿಲ್ಲ ಎಂದರು ಡಾಕ್ಟರು. ನನಗೆ ಗಾಬರಿ ಹತ್ತಿತು. ನಾನು ಯಾರೆಂದು ಅವರಿಗೆ ಗೊತ್ತಿರುವಾಗಲೇ ಪುಸ್ತಕ ಅವರ ಕೈ ಸೇರಬೇಕು. ಆದರೆ ಬರೆಯಲು ಕೂತರೆ ಹೊರಗಿನಿಂದ ಅವರೇ ಬಾಗಿಲು ತಟ್ಟುವರು: "ಒಳಗೆ ಯಾರಿದೀರಾ?" ಎದ್ದು ಹೋಗಿ ಕೈ ಹಿಡಿದು ಕೂತರೆ ಪುಸ್ತಕ ಅಲ್ಲೇ ನಿಲ್ಲುವುದು. ಕೂರದಿದ್ದರೆ ಆ ಮುಖ ನೋಡಲಾಗದು. ಏನು ಮಾಡಲಿ? ಅವರನ್ನು ಸಮಾಧಾನ ಮಾಡಿ ಬಾಗಿಲಿನಿಂದ ಕರೆದೊಯ್ಯಲು ಅವರಂಥವರು ಆ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ. ತಟ್ಟುವ ಸದ್ದು ಕೇಳುತ್ತ, ಅಳುತ್ತ ಕೊನೆಯ ಅಧ್ಯಾಯ ಬರೆದೆ.

ಪುಸ್ತಕ ಅಚ್ಚಾದ ದಿನ ದೇವರಾಜ ಮೊಹಲ್ಲಾದ ಪ್ರೆಸ್ಸಿನಿಂದ ಮೊದಲ ಪ್ರತಿಯನ್ನು ಯಾರಿಗೂ ತೋರಿಸದೆ ಸೆರಗಿನಲ್ಲಿ ಮುಚ್ಚಿಕೊಂಡು ಬಂದೆ. ಅತ್ತೆ ನನ್ನ ಕೋಣೆಯ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೈ ಈಗ ಸಣಕಲು. ಮೇಲೇರಿಸಿದ ಬಳೆಗಳು ಜಾರಿ ಜಾರಿ ಇಳಿಯುತ್ತಿದ್ದವು, ಮತ್ತೆ ಏರಿಸಿಕೊಳ್ಳುತ್ತಿದ್ದರು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು.

"ಮೆಲ್ಲಗೆ ಕಣಮ್ಮ. ಯಾರು ಬೇಕಾಗಿತ್ತು ನಿಮ್ಗೆ? ನಮ್ ಸೊಸೆ ಒಳಗೆ ಬರೀತಾವ್ಳೆ."

"ಅತ್ತೆ, ನಾನೇ. ನೋಡಿ, ಪುಸ್ತಕ ಆಯ್ತು."

ತೆಗೆದುಕೊಂಡರು. ರಟ್ಟು ಸವರಿದರು. ಒಂದೆರಡು ಹಾಳೆ ತಿರುವಿ, ಮರ್ಯಾದೆಯಿಂದ ವಾಪಸ್ ಕೊಟ್ಟರು.

"ಚೆಂದಾಗದೆ. ಆದ್ರೆ ಈಗ ಓದಕ್ಕಾಗಲ್ಲ, ಬೇಜಾರ್ ಮಾಡ್ಕೋಬ್ಯಾಡಿ. ಮೊದ್ಲು ನಮ್ ಸೊಸೇದು ಓದ್ತೀನಿ ಅಂತ ಮಾತು ಕೊಟ್ಟಿವ್ನಿ."

ಅವರ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟೆ. ಅಳು ಒತ್ತರಿಸಿ ಬಂತು. ಕಣ್ಣೊರೆಸಿಕೊಳ್ಳಲು ಕೈ ಎತ್ತಿದರೆ ನನ್ನ ಬಳೆಗಳು ಘಲ್ ಎಂದವು. ಅತ್ತೆ ಬಗ್ಗಿ ನನ್ನ ಕೈ ಹಿಡಿದು, ಒಂದೊಂದೇ ಬಳೆಯನ್ನು ಮೊಣಕೈವರೆಗೆ ಏರಿಸಿದರು.