ಸ್ತಮಾತಿಸ್ ಅಗಲ ಮಾಡಿದ ನಡುಮನೆ

ಸ್ತಮಾತಿಸನಿಗೆ ಸುಳ್ಳು ಹೇಳೋಕೆ ಬರುತ್ತಿರಲಿಲ್ಲ. ಹಾಗಂತ ಹೇಳುವುದನ್ನು ಬಿಟ್ಟವನೂ ಅಲ್ಲ. "ನಿನಗೋಸ್ಕರ ಕಣೇ, ಮನೆಮಂದಿ ಹಾಯಾಗಿ ಕೂತ್ಕೊಳ್ಳಲಿ ಅಂತ" ಎಂದು ಅವನು ಕೊರೆಯುವ ಮೆಷೀನಿಗೆ ಕೈ ಹಾಕಿದಾಗಲೆಲ್ಲ ಅವನ ಹೆಂಡತಿ ಫೋತಿನಿ ಅವನ ಕಣ್ಣನ್ನೇ ನೋಡುತ್ತಿದ್ದಳು. ಆ ಕಣ್ಣು ಹೆಂಡತಿಯ ಮೇಲಿರುತ್ತಿರಲಿಲ್ಲ, ಮನೆಮಂದಿ ಕೂರುವ ಜಾಗದ ಮೇಲೂ ಇರುತ್ತಿರಲಿಲ್ಲ. ಗೋಡೆಯ ಮೇಲಿರುತ್ತಿತ್ತು. ಗೋಡೆಯೊಳಗೆ ಓಪಲ್ ರತ್ನದ ಕಲ್ಲು ಇರಬಹುದು ಅನ್ನುವುದು ಆ ಮಹಾನುಭಾವನ ಲೆಕ್ಕಾಚಾರ.

ಆಸ್ಟ್ರೇಲಿಯಾದ ಮರುಭೂಮಿಯಲ್ಲಿರುವ ಈ ಓಪಲ್ ಗಣಿಯ ಊರು, ಕೂಬರ್ ಪೀಡಿಯಲ್ಲಿ ಇಂಥ ಮಹಾನುಭಾವರಿಗೇನೂ ಬರವಿಲ್ಲ. ಬೇಸಿಗೆಯಲ್ಲಿ ನೆಲದ ಮೇಲೆ ನಿಂತರೆ ನೆತ್ತಿ ಸುಡುತ್ತದೆ, ಅದಕ್ಕೇ ಅರ್ಧ ಊರು ಗುಡ್ಡದ ಹೊಟ್ಟೆಯಲ್ಲಿ ಮನೆ ಕೊರೆದುಕೊಂಡು ಕೂತಿದೆ. ಊರೊಳಗೆ ಗಣಿ ತೋಡಬಾರದು. ಆದರೆ ಇದ್ದ ಮನೆಯನ್ನು ಸ್ವಲ್ಪ ದೊಡ್ಡದು ಮಾಡಿಕೊಂಡರೆ ಯಾರು ಕೇಳುತ್ತಾರೆ? ಹಾಗಾಗಿ ಹೊರಗಿನ ಬಯಲಲ್ಲಿ ಗುಂಡಿ ತೋಡೀ ತೋಡೀ ಏನೂ ಗಿಟ್ಟದ ಗಂಡಸರಿಗೆ ಒಂದು ದಿನ ಇದ್ದಕ್ಕಿದ್ದ ಹಾಗೆ ಸಂಸಾರದ ಮೇಲೆ ಪ್ರೀತಿ ಉಕ್ಕಿಬಿಡುತ್ತದೆ. ಹೆಂಡತಿಗೊಂದು ಬೀರು ಇಡುವ ಗೂಡು ಬೇಕು, ಮಕ್ಕಳಿಗೊಂದು ಕೋಣೆ ಬೇಕು ಅನ್ನಿಸುತ್ತದೆ. ಯಾರಿಗೋ ಹಾಗೆ ಅಡುಗೆಮನೆಯ ಹಿಂದೆ ಒಳ್ಳೇ ಬಣ್ಣದ ಕಲ್ಲು ಸಿಕ್ಕಿತ್ತಂತೆ. ಆ 'ಅಂತೆ'ಯೊಂದನ್ನು ಹಿಡಿದುಕೊಂಡು ಉಳಿದವರೆಲ್ಲ ಇದ್ದ ಮನೆಯನ್ನೂ ಹಾಳು ಮಾಡಿಕೊಂಡರು.

ಫೋತಿನಿ ಆ ಮನೆಗೆ ಬಂದಾಗ ನಡುಮನೆ ಚಿಕ್ಕದಾಗಿತ್ತು, ಚೊಕ್ಕವಾಗಿತ್ತು. ಹಿಂದೆ ಇದ್ದ ಮುದುಕ ಗಣಿಯವನು ಗೋಡೆಯ ಕಲ್ಲಿನಲ್ಲೇ ಉದ್ದಕ್ಕೂ ಜಗಲಿ ಕಡಿದಿದ್ದ, ಅದರ ಮೇಲೆ ಕೈಗೆ ಎಟುಕುವ ಹಾಗೆ ಗೂಡುಗಳು. ಅವಳು ಬಿಳಿ ಗೋಂದನ್ನು ನೀರಿಗೆ ಕಲಸಿ, ಧೂಳು ಉದುರದ ಹಾಗೆ ಗೋಡೆಗೆಲ್ಲ ಬಳಿದಳು. ಜಗಲಿಗೆ ತವರಿನ ಉಣ್ಣೆ ಹಾಸು ಹಾಸಿದಳು. ಒಂದು ಗೂಡಿನಲ್ಲಿ ಮಾತೆ ಮರಿಯಳ ಪಟ, ಇನ್ನೊಂದರಲ್ಲಿ ಮಕ್ಕಳ ಪುಸ್ತಕ, ಮೂಲೆಯಲ್ಲಿ ಕಾಫಿಗೆ ಅಂತಲೇ ಒಂದು ಸಣ್ಣ ಒಲೆ. ಕೂತಲ್ಲಿಂದ ಕಾಲು ಚಾಚಿದರೆ ಒಬ್ಬರಿಗೊಬ್ಬರು ತಗಲುತ್ತಿದ್ದರು, ಅದಕ್ಕೆ ಮಕ್ಕಳಿಬ್ಬರೂ ಕಿತ್ತಾಡುತ್ತಿದ್ದರು. ಆದರೂ ಊಟ ಮುಗಿದ ಮೇಲೆ ಎಲ್ಲರೂ ಬಂದು ಕೂರುತ್ತಿದ್ದದ್ದು ಅಲ್ಲೇ.

ಸ್ತಮಾತಿಸನ ತಾಯಿ ಕಲಿಯೋಪಿ ಗ್ರೀಸಿನ ದ್ವೀಪ ಬಿಟ್ಟು ಮಗನ ಹತ್ತಿರ ಬಂದಾಗ ಅರ್ಧ ಕಣ್ಣು ಹೋಗಿತ್ತು, ಇಲ್ಲಿಗೆ ಬಂದ ಮೇಲೆ ಪೂರ್ತಿ ಹೋಯಿತು. "ಹೋಗ್ಲಿ ಬಿಡು, ಈ ಊರಲ್ಲಿ ನೋಡೋಕೆ ಏನಿದೆ" ಅಂದಳು ಮುದುಕಿ. ಅವಳಿಗಿದ್ದದ್ದು ಒಂದೇ ಹಟ, ಯಾರೂ ತನ್ನ ಕೈ ಹಿಡಿದು ನಡೆಸಬಾರದು. ಅವಳ ಗಂಡ ಸಮುದ್ರದ ತಳದಲ್ಲಿ ಬೆಳೆಯುವ ಸ್ಪಂಜು ಕೀಳಲು ಆಳಕ್ಕಿಳಿದು, ನೀರಿನ ಒತ್ತಡಕ್ಕೆ ಎರಡೂ ಕಾಲಿನ ಶಕ್ತಿ ಕಳೆದುಕೊಂಡವನು, ಸಾಯುವವರೆಗೂ ಅವಳ ಹೆಗಲ ಮೇಲೆ ಬದುಕಿದವನು. ಇನ್ನೊಬ್ಬರ ಹೆಗಲಿಗೆ ಬಿದ್ದ ಜೀವದ ಪಾಡು ಏನು ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆ ಹಟವನ್ನು ನಡೆಸಿಕೊಟ್ಟದ್ದು ನಡುಮನೆಯ ಗೋಡೆ. ಮುದುಕಿ ಬೆಳಗ್ಗೆ ಎದ್ದು ಹಾಸಿಗೆ ಪಕ್ಕದ ಗೋಡೆಗೆ ಅಂಗೈ ಇಟ್ಟರೆ ಮುಗಿಯಿತು. ಜಗಲಿ ಸಿಗುತ್ತಿತ್ತು, ಪಟದ ಗೂಡು ಸಿಗುತ್ತಿತ್ತು, ಶಿಲುಬೆ ಗುರುತು ಮಾಡಿಕೊಂಡು ಮುಂದೆ ಹೋದರೆ ಒಲೆ. ಕಾಫಿ ತಾನೇ ಮಾಡಿಕೊಂಡು, ಸೊಸೆಗೂ ಒಂದು ಲೋಟ ಬಗ್ಗಿಸಿ ಇಡುತ್ತಿದ್ದಳು. ಕಾಫಿ ಉಕ್ಕುವ ಹೊತ್ತನ್ನು ಕಿವಿಯಲ್ಲೇ ಹಿಡಿಯುತ್ತಿದ್ದಳು. ಕಣ್ಣಿದ್ದ ಫೋತಿನಿ ವಾರಕ್ಕೊಮ್ಮೆ ಉಕ್ಕಿಸುತ್ತಿದ್ದಳು, ಮುದುಕಿ ಅದನ್ನು ಹೇಳಿ ಹೇಳಿ ನಗುತ್ತಿದ್ದಳು.

ಹೊರಗಿನ ಗುಂಡಿ ಕೈಕೊಟ್ಟು, ಜೊತೆಗಾರರೂ ಕೈಬಿಟ್ಟ ಮೇಲೆ ಸ್ತಮಾತಿಸನಿಗೆ ಸಂಸಾರ ನೆನಪಾಯಿತು. ಯಾವುದೋ ಪತ್ರಿಕೆಯಿಂದ ಒಂದು ಚಿತ್ರ ಹರಿದುಕೊಂಡು ಬಂದ. ವಿಶಾಲವಾದ ಹಾಲ್, ನಡುವೆ ಸೋಫಾ, ಗಾಜಿನ ಮೇಜು, ಮೇಜಿನ ಮೇಲೆ ಯಾರೂ ತಿನ್ನದ ಹಣ್ಣು. "ನಡುಮನೆ ಅಂದ್ರೆ ಇದು. ನಾವಿರೋದು ಮೊಲದ ಬಿಲ" ಅಂದ. ಜಗಲಿ ಗಟ್ಟಿಮುಟ್ಟಾಗಿದೆ, ಅದರ ತಂಟೆಗೆ ಹೋಗಬೇಡ ಅಂತ ಫೋತಿನಿ ಬಾಯಿ ಬಿಟ್ಟು ಹೇಳಿದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೊದಲು ಕಡಿದು ಹಾಕಿದ್ದೇ ಜಗಲಿಯನ್ನು. ಅದರ ಹಿಂದಿನ ಕಲ್ಲಿನ ಮೇಲೆ ಅವನಿಗೆ ಎಂದಿನಿಂದಲೋ ಕಣ್ಣಿತ್ತು.

ಸೋಫಾ ಬಂತು. ಅಡಿಲೇಡಿನಿಂದ ಲಾರಿಯಲ್ಲಿ ಬಂತು, ಕಂದು ಬಣ್ಣದ್ದು, ಮೂಲೆ ಸುತ್ತಿಕೊಂಡು ಕೂರುವಂಥದ್ದು. ಆದರೆ ಮೂಲೆ ಎಲ್ಲಿತ್ತು? ಈ ಪುಣ್ಯಾತ್ಮ ಕಲ್ಲಿನಲ್ಲಿ ಎಲ್ಲಿ ಓಪಲ್ಲಿನ ಗೆರೆ ಕಂಡರೆ ಅಲ್ಲಿಗೆ ಮೆಷೀನಿನ ಮೂತಿ ತಿರುಗಿಸುತ್ತಿದ್ದ. ಗೋಡೆ ಒಂದು ಕಡೆ ಹೊಟ್ಟೆ ಬಿಟ್ಟಿತ್ತು, ಇನ್ನೊಂದು ಕಡೆ ಒಳಗೆ ಹೋಗಿತ್ತು. ಎಲ್ಲಿಯೂ ಒರಗಿಸಲಾಗದೆ ಸೋಫಾ ನಡುವೆ ನಿಂತಿತು. ಮಣ್ಣು ಸಾಗಿಸುವ ಕೈಗಾಡಿ ಅದನ್ನು ಸುತ್ತಿ ಹೋಗಬೇಕಿತ್ತು. ಧೂಳು ಬೀಳುತ್ತದೆ ಅಂತ ಅದಕ್ಕೊಂದು ದುಪ್ಪಟಿ ಹೊದಿಸಿದರು, ದುಪ್ಪಟಿ ಕೊಳೆಯಾಗುತ್ತದೆ ಅಂತ ಯಾರೂ ಕೂರಲಿಲ್ಲ. ಮಕ್ಕಳು ಪುಸ್ತಕ ಎತ್ತಿಕೊಂಡು ತಮ್ಮ ಕೋಣೆ ಸೇರಿದರು. ಸ್ತಮಾತಿಸ್ ಮಾತ್ರ ಸೊಂಟದ ಮೇಲೆ ಕೈ ಇಟ್ಟುಕೊಂಡು, "ಎಷ್ಟು ಅಗಲ ಆಯ್ತು ನೋಡು" ಅಂತ ಹಲ್ಲು ಕಿರಿಯುತ್ತಿದ್ದ. ಅವನ ಮಾತು ಅವನಿಗೇ ತಿರುಗಿ ಕೇಳಿಸುತ್ತಿತ್ತು.

ಮುದುಕಿಯ ದಾರಿ ತಪ್ಪಿತು. ಮುಂಜಾನೆ ಕೈ ಚಾಚಿದರೆ ನಿನ್ನೆ ಇದ್ದ ಗೋಡೆ ಇವತ್ತಿಲ್ಲ. ಒಂದು ದಿನ ಫೋತಿನಿ ಬಂದು ನೋಡಿದಾಗ ಅವಳು ಸೋಫಾದ ಆಚೆ, ಯಾವುದಕ್ಕೂ ಸೇರದ ಜಾಗದಲ್ಲಿ, ಎರಡೂ ಕೈ ಮುಂದಕ್ಕೆ ನೀಡಿಕೊಂಡು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಕೂಗಿರಲಿಲ್ಲ. ಕೈ ಹಿಡಿದರೆ ಮುದುಕಿ ಸಿಡುಕುತ್ತಾಳೆ, ಹಿಡಿಯದಿದ್ದರೆ ಬೀಳುತ್ತಾಳೆ. ಕೊನೆಗೆ ಫೋತಿನಿ ಬಟ್ಟೆ ಒಣಗಿಸುವ ಹಗ್ಗವನ್ನೇ ತಂದು ಹಾಸಿಗೆಯಿಂದ ಒಲೆಯವರೆಗೆ ಬಿಗಿದು ಕಟ್ಟಿದಳು. "ಕತ್ತೆಗೂ ಇಷ್ಟೇ ಮರ್ಯಾದೆ" ಅಂತ ಮುದುಕಿ ಗೊಣಗಿದಳು. ಗೊಣಗಿಕೊಂಡೇ ಹಗ್ಗ ಹಿಡಿದು ಹೋಗಿ ಕಾಫಿ ಮಾಡಿಕೊಂಡಳು.

ಕೈಗಾಡಿಗೆ ಹಗ್ಗ ಅಡ್ಡ ಬಂತು. ಸ್ತಮಾತಿಸ್ ಅದನ್ನು ಬಿಚ್ಚಿ, ಕೆಲಸ ಮುಗಿದ ಮೇಲೆ ತಿರುಗಿ ಕಟ್ಟಿದ. ಕಟ್ಟಿದ್ದೇನೋ ಹೌದು, ಯಾವ ಮೊಳೆಗೆ? ಅವನ ಕೈಗೆ ಹತ್ತಿರವಿದ್ದ ಮೊಳೆಗೆ. ಮರುದಿನ ಹಗ್ಗ ಮುದುಕಿಯನ್ನು ಒಲೆಗೆ ಕರೆದುಕೊಂಡು ಹೋಗಲಿಲ್ಲ, ಕಲ್ಲಿನ ಗುಡ್ಡೆಗೆ ಕರೆದುಕೊಂಡು ಹೋಯಿತು. ಬಿದ್ದಳು. ಮುಂಗೈ ಊದಿಕೊಂಡಿತು. ಮೂಳೆ ಮುರಿದಿಲ್ಲ ಅಂದರು ಆಸ್ಪತ್ರೆಯಲ್ಲಿ. ಸ್ತಮಾತಿಸ್ ಅದನ್ನೇ ದೊಡ್ಡ ಸಮಾಚಾರ ಮಾಡಿಕೊಂಡು, ಏನೂ ಆಗಿಲ್ಲ, ಏನೂ ಆಗಿಲ್ಲ ಅಂತ ಎಲ್ಲರಿಗೂ ಹೇಳಿದ.

ಆಗಿತ್ತು. ಮುದುಕಿ ಮತ್ತೆ ಹಾಸಿಗೆ ಬಿಟ್ಟು ಏಳಲಿಲ್ಲ. ಕೈ ವಾಸಿಯಾದ ಮೇಲೂ ಏಳಲಿಲ್ಲ. "ಒಂದು ಲೋಟ ಕಾಫಿ ಕೊಡ್ತೀಯಾ ತಾಯಿ, ನಿನಗೆ ತೊಂದರೆ ಆಗದಿದ್ರೆ" ಅಂತ ಸೊಸೆಯನ್ನು ಕೇಳತೊಡಗಿದಳು. ಇಷ್ಟು ವರ್ಷ ಸೊಸೆಯ ಕಾಫಿಗೆ ಮೂಗು ಮುರಿದವಳು ಈಗ ಕೊಟ್ಟದ್ದನ್ನು ಕುಡಿದು, ಚೆನ್ನಾಗಿದೆ ಅನ್ನುತ್ತಿದ್ದಳು. ಆ 'ಚೆನ್ನಾಗಿದೆ'ಯನ್ನು ಫೋತಿನಿಗೆ ಸಹಿಸಲಾಗಲಿಲ್ಲ.

ಅವತ್ತು ಅವಳು ಮೆಷೀನಿನ ವೈರನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡು ಗಂಡನ ಮುಂದೆ ನಿಂತಳು.

"ಗೋಡೆ ಕಟ್ಟಿಕೊಡು. ಹಾಸಿಗೆಯಿಂದ ಒಲೆವರೆಗೆ, ಸೊಂಟದಷ್ಟು ಎತ್ತರ ಇದ್ರೆ ಸಾಕು. ಕಲ್ಲಿಗೇನು ಬರ ಇಲ್ಲ, ಬೇಕಾದಷ್ಟು ನೀನೇ ಉದುರಿಸಿದ್ದೀಯ."

"ಈಗ್ಲಾ? ಅಮ್ಮನ ಹಾಸಿಗೆ ಪಕ್ಕದಲ್ಲೇ ಗೆರೆ ಕಾಣಿಸ್ಕೊಂಡಿದೆ ಕಣೇ. ಈಗ ಬಿಟ್ರೆ ಮೂರ್ಖ ಅಂತಾರೆ ನನ್ನ."

"ಈಗ ಏನಂತಿದಾರೆ ಅನ್ಕೊಂಡಿದ್ದೀಯ?"

ಇದು ಮುಗಿದ ಕೂಡಲೇ ಕಟ್ಟಿಕೊಡುತ್ತೇನೆ, ಅಮ್ಮನಿಗೆ ಉಕ್ಕಿನ ಕಂಬಿಯನ್ನೇ ಹಾಕಿಸುತ್ತೇನೆ, ಕಾಫಿ ಮಾಡಿಕೊಡಲು ಆಳನ್ನೇ ಇಡುತ್ತೇನೆ ಅಂತ ಬಡಾಯಿ ಕೊಚ್ಚಿ, ಅವಳ ಕೈಯಿಂದ ವೈರು ಕಸಿದುಕೊಂಡ. ತಾಯಿಗೆ ಉಳಿದಿದ್ದದ್ದು ಅದೊಂದೇ ಗೋಡೆ, ಹಾಸಿಗೆಗೆ ತಾಗಿಕೊಂಡಿದ್ದದ್ದು. ಆಸಾಮಿ ಅದಕ್ಕೂ ಕೈ ಹಾಕಿದ.

ಗೆರೆ ಸಿಕ್ಕಿತು. ಬರೀ ಬೂದು, ಬಣ್ಣದ ಸುಳಿವೇ ಇಲ್ಲದ್ದು, ಊರಿನ ಮಕ್ಕಳು ಕಲ್ಲೆಸೆತ ಆಡಲು ಎತ್ತಿಕೊಳ್ಳುತ್ತಾರಲ್ಲ ಅಂಥದ್ದು. ಅದರ ಹಿಂದೆ ಬಣ್ಣ ಇದ್ದೇ ಇರುತ್ತದೆ ಅಂತ ಇನ್ನೂ ಒತ್ತಿದ. ಮೆಷೀನು ಗಕ್ಕನೆ ಮುಂದಕ್ಕೆ ನುಗ್ಗಿತು, ಜೊತೆಗೆ ಅವನೂ ನುಗ್ಗಿದ. ಆಚೆ ಕಡೆ ಪಿಂಗಾಣಿ ಒಡೆದ ಸದ್ದಾಯಿತು. ಧೂಳು ಇಳಿದ ಮೇಲೆ ನೋಡಿದರೆ, ಅದೇ ಗುಡ್ಡದ ಪಕ್ಕದ ಮನೆಯ ಸರ್ಬಿಯಾದ ವಿಧವೆ ಮಿಲೇವಾ ತನ್ನ ನಡುಮನೆಯಲ್ಲಿ ಕೂತು ಕೋಸಿನೆಲೆಯಲ್ಲಿ ಕೈಮಾ ಸುತ್ತುತ್ತಿದ್ದಳು. ಅವಳ ಪಿಂಗಾಣಿ ಕಪಾಟು ಸ್ತಮಾತಿಸನ ಕಾಲಡಿ ಬಿದ್ದಿತ್ತು.

"ಸ್ತಮಾತಿ, ಬಾಗಿಲು ಆ ಕಡೆ ಇತ್ತಲ್ಲೋ" ಅಂದಳು ಮಿಲೇವಾ.

ಅವನು ಮಿಲೇವಕ್ಕ, ಮಿಲೇವಕ್ಕ ಅಂತ ತೊದಲಿದ. ಕಪಾಟು ಹೊಸದು ತಂದುಕೊಡುತ್ತೇನೆ, ಊರಿನ ಆಫೀಸಿಗೆ ಮಾತ್ರ ದೂರು ಕೊಡಬೇಡ ಅಂತ ಗೋಗರೆದ. ಮಿಲೇವಾ ಅವನ ಮಾತಿಗೆ ಬೆಲೆ ಕೊಡದೆ ಎದ್ದು ಹೋಗಿ ಒಲೆ ಹಚ್ಚಿದಳು. ಬಂದವನು ಗೋಡೆ ಒಡೆದುಕೊಂಡು ಬಂದರೂ ಕಾಫಿ ಇಡುವ ಜಾತಿ ಅವಳದು.

ಹಾಸಿಗೆಯಲ್ಲಿದ್ದ ಕಲಿಯೋಪಿಗೆ ಹೊಸ ದನಿ ಕೇಳಿಸಿತು, ಕಾಫಿ ವಾಸನೆ ಬಂತು. ಫೋತಿನಿ ನೋಡುತ್ತಿದ್ದಂತೆಯೇ ಮುದುಕಿ ಕಾಲು ಕೆಳಗಿಟ್ಟಳು, ಒಡೆದ ಕಲ್ಲಿನ ಅಂಚನ್ನು ತಡವಿದಳು, ತಲೆ ಬಗ್ಗಿಸಿ ಆಚೆ ದಾಟಿದಳು. ಹಿಡಿಯಲು ಹೋದ ಸ್ತಮಾತಿಸನ ಕೈಯನ್ನು ತಟ್ಟಿ ಬಿಸಾಡಿದಳು. ಮಿಲೇವಾಳ ನಡುಮನೆ ಪುಟ್ಟದು. ಸುತ್ತ ಕಲ್ಲಿನ ಜಗಲಿ, ಜಗಲಿಯ ಮೇಲೆ ಹೆಣೆದ ದಿಂಬು, ತಲೆಗೆ ತಾಗುವಷ್ಟು ಹತ್ತಿರ ಗೂಡುಗಳು, ಜಗಲಿ ಮುಗಿಯುವಲ್ಲಿ ಒಲೆ. ಮುದುಕಿ ಅಂಗೈಯಲ್ಲಿ ಅದನ್ನೆಲ್ಲ ಓದಿಕೊಂಡು ಹೋಗಿ, ಒಲೆಯ ಮುಂದೆ ನಿಂತು ಕಿವಿಗೊಟ್ಟಳು. "ಉಕ್ತಾ ಇದೆ, ಇಳಿಸು" ಅಂದಳು. ಮಿಲೇವಾ ಪಕ್ಕಕ್ಕೆ ಸರಿದು, ನೀವೇ ಇಳಿಸಿ ಅಂದಳು. ಮುದುಕಿ ಇಳಿಸಿದಳು. ಫೋತಿನಿ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು.

ಆಮೇಲೆ ಅದೇ ದಿನಚರಿಯಾಯಿತು. ಬೆಳಗಾದರೆ ಮುದುಕಿ ಆ ಕಡೆ. ಶಾಲೆಯಿಂದ ಬಂದ ಮಕ್ಕಳು ಆ ಕಡೆ. ಫೋತಿನಿ ಹೊಲಿಗೆ ಹಿಡಿದುಕೊಂಡು ಒಂದು ಗಳಿಗೆ ಕೂತು ಬರುತ್ತೇನೆ ಅಂತ ಹೋದವಳು ಅಡುಗೆ ಹೊತ್ತಿಗೆ ಬರುತ್ತಿದ್ದಳು. ಇಷ್ಟು ಜನ ಬಂದು ಒತ್ತಿಕೊಂಡು ಕೂತರೆ ನಿನಗೆ ಬೇಸರವಾಗುವುದಿಲ್ಲವೇ ಅಂತ ಒಮ್ಮೆ ಕೇಳಿದಳು. ಒತ್ತಿಕೊಂಡು ಕೂರಲಿ ಅಂತಲೇ ತಾನೇ ಇಷ್ಟು ಚಿಕ್ಕದು ಮಾಡಿಸಿದ್ದು ಅಂದಳು ಮಿಲೇವಾ. ಗಂಡ ಹೋದ ಮೇಲೆ ಆ ಜಗಲಿಯಲ್ಲಿ ಕೂತವರೇ ಇರಲಿಲ್ಲ ಅಂತ ಅವಳು ಹೇಳಿದ್ದು ಅದೊಂದೇ ಸಲ.

ಇತ್ತ ಗ್ರೀಕರ ಕ್ಲಬ್ಬಿನಲ್ಲಿ ಸ್ತಮಾತಿಸ್ ಕಾಲಿಟ್ಟರೆ ಸಾಕು, ನಮ್ಮವನು ಸರ್ಬಿಯಾ ತನಕ ಅಗೆದುಬಿಟ್ಟ ಅಂತ ಮೇಜು ಕುಟ್ಟಿ ನಗುತ್ತಿದ್ದರು. ತಾಯಿ ಬಿದ್ದಾಗ ನಾಚದವನಿಗೆ ಇದು ನಾಚಿಕೆಯಾಯಿತು. ಭಾನುವಾರ ಚರ್ಚಿನಿಂದ ಬಂದವನೇ ಸಿಮೆಂಟು ಕಲಸಿದ, ಕಲ್ಲು ಗುಡ್ಡೆ ಹಾಕಿದ, ಕರಣೆ ಹಿಡಿದು ತೂತಿನ ಮುಂದೆ ನಿಂತ. ಬಕೆಟ್ಟು ಹಿಡಿದುಕೋ ಅಂತ ಫೋತಿನಿಗೆ ಕೊಟ್ಟ. ಆಚೆ ಕಡೆ ಜಗಲಿಯ ಮೇಲೆ ಅವನ ತಾಯಿ ಮಡಿಲಲ್ಲಿ ಬೇಳೆ ಹರಡಿಕೊಂಡು ಬೆರಳಲ್ಲೇ ಕಲ್ಲು ಆರಿಸುತ್ತಿದ್ದಳು. ಮಕ್ಕಳು ಅವಳಿಗೆ ಒರಗಿಕೊಂಡಿದ್ದರು.

"ಅಮ್ಮಾ, ಈ ಕಡೆ ಬಾ. ಮುಚ್ಚಬೇಕು."

"ಮುಚ್ಚು. ಯಾರು ಬೇಡ ಅಂದ್ರು?"

"ನೀನು ಆ ಕಡೆ ಇದ್ದೀಯಲ್ಲ."

"ಹೌದಪ್ಪ, ಇಲ್ಲೇ ಇದೀನಿ. ನೀನು ಮುಚ್ಚು."

ಸ್ತಮಾತಿಸ್ ಹೆಂಡತಿಯ ಮುಖ ನೋಡಿದ, ನೀನಾದರೂ ಹೇಳು ಅನ್ನುವ ಹಾಗೆ. ಫೋತಿನಿ ಬಕೆಟ್ಟನ್ನು ಅವನ ಕಾಲ ಬುಡದಲ್ಲಿ ಇಳಿಸಿ, ತಲೆ ಬಗ್ಗಿಸಿ ದಾಟಿ, ಮಿಲೇವಾ ಸರಿದು ಕೊಟ್ಟ ಜಾಗದಲ್ಲಿ ಕೂತಳು. ಮುದುಕಿ ಅವಳ ಮಡಿಲಿಗೆ ಅರ್ಧ ಬೇಳೆ ಸುರಿದಳು.

ಅವನು ತಿರುಗಿ ನೋಡಿದ. ಬೆನ್ನ ಹಿಂದೆ ಅವನ ನಡುಮನೆ, ಅವನೇ ಮಾಡಿದ್ದು, ಊರಲ್ಲೇ ಅಗಲವಾದದ್ದು.

"ಇಷ್ಟು ದೊಡ್ಡ ಮನೇಲಿ ನಾನೊಬ್ಬನೇ ಕೂತ್ಕೊಂಡು ಏನಮ್ಮ ಮಾಡ್ಲಿ?" ಅಂದ.

ಮುದುಕಿಯ ಬೆರಳು ಬೇಳೆಯಿಂದ ಮೇಲೇಳಲಿಲ್ಲ.

"ಅಗೀತಾ ಇರು" ಅಂದಳು.