ನಡುಮನೆಯ ರನ್‌ವೇ

ರಾಹುಕಾಲವನ್ನು ಖಂಡಿಸಿ ನಾನು ಗೆದ್ದ ಚರ್ಚಾಸ್ಪರ್ಧೆಯ ಕಪ್ಪೊಂದು ನಮ್ಮ ಮನೆಯ ಗೋಡೆಗೂಡಿನಲ್ಲಿದೆ. ಅಮ್ಮ ಅದರಲ್ಲಿ ಸೇಫ್ಟಿಪಿನ್ನು ಹಾಕಿಡುತ್ತಾಳೆ. ಅದೇ ರಾಹುಕಾಲದ ಪರವಾಗಿ ಒಂದು ಭಾನುವಾರ ಸಂಜೆ, ನಮ್ಮೂರು ಕಡೂರಿನ ಗುಡಿಕಟ್ಟೆಯ ಮೇಲೆ, ಇನ್ನೂ ಚೆನ್ನಾಗಿ ವಾದಿಸಿದೆ. ಅದಕ್ಕೆ ಕಪ್ಪು ಕೊಡುವವರು ಅಲ್ಲಿರಲಿಲ್ಲ.

ಇದಕ್ಕೆಲ್ಲ ಕಾರಣ ನನ್ನ ಸೋದರಮಾವ. ಬೊಂಬಾಯಿಯ ವಿಮಾನ ನಿಲ್ದಾಣದ ಗೋಪುರದಲ್ಲಿ ಕೂತು, ಇಳಿಯುವ ವಿಮಾನಕ್ಕೂ ಏರುವ ವಿಮಾನಕ್ಕೂ ನಡುವೆ ಎಷ್ಟು ಅಂತರವಿರಬೇಕೆಂದು ನೋಡಿಕೊಳ್ಳುವುದು ಅವರ ಉದ್ಯೋಗ. ವಿಮಾನವನ್ನು ಕತ್ತೆತ್ತಿ ಮಾತ್ರ ನೋಡಿದ್ದ ನಮ್ಮ ಕಡೆ ಇದನ್ನು ವಿವರಿಸುವುದು ಸುಲಭವಲ್ಲ. ಸಿಂಗಟಗೆರೆಯ ದೊಡ್ಡಪ್ಪ ಒಮ್ಮೆ ಮಾವನನ್ನೇ ನೇರವಾಗಿ ಕೇಳಿಯೇಬಿಟ್ಟರು: “ಅಂದ್ರೆ ಬಸ್ ಸ್ಟ್ಯಾಂಡಲ್ಲಿ ಸೀಟಿ ಊದ್ತಾನಲ್ಲ, ಅಂಥಾದ್ದೇ ಏನಪ್ಪಾ?”

“ಅಂಥಾದ್ದೇ ಭಾವ. ಆದ್ರೆ ಬಸ್ಸು ನಿಂತ್ಕೊಂಡು ಕಾಯುತ್ತೆ, ವಿಮಾನ ಸುತ್ತುತಾ ಸುತ್ತುತಾ ಕಾಯ್ಬೇಕು.”

ನನಗೂ ಅದೊಂದು ವಿದ್ಯೆಯೆಂದು ಅನಿಸಿರಲಿಲ್ಲ. ಪುಷ್ಪಕ ವಿಮಾನವನ್ನು ಬಾಯಿತುಂಬ ವರ್ಣಿಸಿದ ನಮ್ಮ ಪುರಾಣಿಕರಲ್ಲಿ ಒಬ್ಬರಾದರೂ ಅದು ಇಳಿಯಲು ಜಾಗ ಖಾಲಿಯಿತ್ತೇ ಎಂದು ವಿಚಾರಿಸಿದ್ದುಂಟೇ? ಲೋಕಕ್ಕೆಲ್ಲ ಒಂದೇ ವಿಮಾನವಿದ್ದಾಗ ಆ ಪ್ರಶ್ನೆಯೇ ಏಳುವುದಿಲ್ಲ. ತೊಂದರೆ ಶುರುವಾಗುವುದು ಎರಡನೆಯದು ಬಂದಾಗ.

ನಮ್ಮ ಮನೆಗೂ ಎರಡನೆಯದು ಬಂತು. ಅಕ್ಕನನ್ನು ನೋಡಲು ಅಜ್ಜಂಪುರದವರೂ ತರೀಕೆರೆಯವರೂ ಒಂದೇ ಭಾನುವಾರ ಬರುತ್ತೇವೆಂದರು. ಹೆಣ್ಣಿನ ಕಡೆಯವರಿಗೆ ‘ಆಗುವುದಿಲ್ಲ’ ಎನ್ನುವ ಬಾಯಿಲ್ಲ. ಅಪ್ಪ ಒಬ್ಬರಿಗೆ ಮಧ್ಯಾಹ್ನ, ಇನ್ನೊಬ್ಬರಿಗೆ ಸಂಜೆ ಎಂದು ಹಂಚಿದರು. ಇಬ್ಬರೂ ಬಾಗಿಲಲ್ಲಿ ಎದುರುಬದುರಾದರೆ ಎರಡು ಸಂಬಂಧವೂ ಹೋದಂತೆಯೇ. ನಾನು “ಅಕ್ಕನೇನು ವಸ್ತುಪ್ರದರ್ಶನದ ವಸ್ತುವೇ?” ಎಂದು ಪೀಠಿಕೆ ಹಾಕಿದೆ. “ಲೇ, ಪೀಠಿಕೆ ಆಮೇಲೆ ಹಾಕೀಯಂತೆ, ಮೊದ್ಲು ಜಮಖಾನ ಹಾಸು” ಎಂದಳು ಅಕ್ಕನೇ.

ಅಜ್ಜಂಪುರದವರು ತಡವಾಗಿ ಬಂದರು. ಉಪ್ಪಿಟ್ಟು ಕೇಸರಿಭಾತು ಮುಗಿಸಿ, ಅಕ್ಕನಿಂದ ಹಾಡಿಸಿ, ಬಾಗಿಲವರೆಗೆ ನಡೆಸಿ, ಕಣ್ಣು ಸರಿಯಿದೆಯೇ ಎಂದು ಸೂಜಿಗೆ ದಾರ ಪೋಣಿಸಲು ಹೇಳಿ ನೋಡಿದ ಮೇಲೆ ಅವರ ಹಿರಿಯರು ಗಡಿಯಾರ ನೋಡಿದರು. “ಅಯ್ಯೋ, ರಾಹುಕಾಲ ಬಂದ್ಬಿಡ್ತು! ಇನ್ನು ಹೊಸ್ತಿಲು ದಾಟೋ ಹಂಗಿಲ್ಲ ಕಣ್ರಪ್ಪಾ” ಎಂದು ಗೋಡೆಗೊರಗಿ ಕಾಲು ಚಾಚಿದರು. ತರೀಕೆರೆ ಬಸ್ಸು ಬರುವ ಹೊತ್ತು. ಅಪ್ಪನ ಮುಖ ನೋಡುವಂತಿರಲಿಲ್ಲ.

ರಜೆಗೆ ಬಂದಿದ್ದ ಮಾವ ನನ್ನನ್ನು ಹಿತ್ತಿಲಿಗೆ ಎಳೆದೊಯ್ದರು. “ರನ್‌ವೇ ಖಾಲಿ ಇಲ್ಲ. ನೀನು ಓಡಿಹೋಗಿ ಅವರನ್ನ ಬಸ್ ಸ್ಟ್ಯಾಂಡಲ್ಲೇ ಹಿಡಿ, ಊರು ಸುತ್ತಿಸು.”

“ಏನಂತ ಹೇಳ್ಲಿ ಮಾವ?”

“ರಾಹುಕಾಲದಲ್ಲಿ ಹೆಣ್ಣು ನೋಡಬಾರ್ದು ಅನ್ನು. ಕಪ್ಪು ಗೆದ್ದಿದೀಯಲ್ಲ!”

ಬಸ್ಸಿನಿಂದ ಮೂವರು ಇಳಿದರು: ಹುಡುಗ, ಅವನ ತಾಯಿ, ತಂದೆ. ನನ್ನ ಗ್ರಹಚಾರಕ್ಕೆ ತಂದೆ ವಿಚಾರವಾದಿ. “ಕಾಲಕ್ಕೆ ರಾಹು ಹಿಡಿಯೋದು ಅಂದ್ರೇನಪ್ಪಾ? ಗಡಿಯಾರಕ್ಕೆ ಗೊತ್ತಾ ಅದು?” ಎಂದರು. ಅದು ನನ್ನದೇ ಭಾಷಣದ ಮೊದಲ ಸಾಲು! ನಾನು ನನ್ನ ಹಳೆಯ ಎದುರಾಳಿಗಳ ಮಾತನ್ನೆಲ್ಲ ನೆನಪಿಸಿಕೊಂಡು ನನ್ನನ್ನೇ ಖಂಡಿಸುತ್ತ, ಅವರನ್ನು ಗುಡಿಯಿಂದ ರೈಲ್ವೆ ಸ್ಟೇಷನ್ನಿಗೂ ಸ್ಟೇಷನ್ನಿನಿಂದ ಗುಡಿಗೂ ಸುತ್ತಿಸಿದೆ.

ರಾಹುಕಾಲ ಮುಗಿದೊಡನೆ, ಅವರನ್ನು ಗುಡಿಕಟ್ಟೆಯ ಮೇಲೆ ಕೂರಿಸಿ ಮನೆಗೆ ಓಡಿದೆ. ಅಜ್ಜಂಪುರದವರು ಆಗಷ್ಟೇ ಮೆಟ್ಟಿಲಿಳಿಯುತ್ತಿದ್ದರು. ಅವರ ಹಿರಿಯಾಕೆ ಒಳಗೆ ಕೇಳುವಂತೆಯೇ ಹೇಳಿದರು: “ಹುಡುಗಿ ಒಳ್ಳೇವ್ಳೇ ಕಣ್ರೀ, ಬಣ್ಣ ಒಂದು ಕೈಕೊಡ್ತು.” ಅಕ್ಕ ಅಡಿಗೆಮನೆಯಲ್ಲಿ ಗೋಡೆಗೆ ಮುಖಮಾಡಿ ನಿಂತಿದ್ದಳು.

“ಖಾಲಿ ಆಯ್ತಲ್ಲ ಮಾವ, ಕರ್ಕೊಂಡ್ಬರ್ಲಾ?”

“ಬೇಡ, ತಡಿ.”

“ಯಾಕೆ? ಜಮಖಾನ ಕೊಡವಿದ್ದಾಯ್ತು, ಲೋಟ ತೊಳೆದಿದ್ದಾಯ್ತು, ರಾಹು ಹೋಗಿದಾನೆ. ಇನ್ನೇನು ಬಾಕಿ?”

“ನೆಲ ಖಾಲಿ ಆಯ್ತು ಕಣೋ, ಗಾಳಿ ಇನ್ನೂ ಆಗಿಲ್ಲ. ಜಂಬೋ ವಿಮಾನ ಹೋದ್ಮೇಲೂ ಅದರ ಹಿಂದೆ ಗಾಳಿ ಸುಳಿ ಸುತ್ತುತಾ ಇರುತ್ತೆ. ಕಣ್ಣಿಗೆ ಕಾಣಲ್ಲ. ತಕ್ಷಣ ಚಿಕ್ಕ ವಿಮಾನ ಬಂತೋ, ಮಗುಚ್ಕೊಳ್ಳುತ್ತೆ. ಅದು ಅಡಗೋವರ್ಗೂ ಬಿಡ್ಬೇಕು.” ಹೇಳುತ್ತಿದ್ದದ್ದು ನನಗೆ. ನೋಡುತ್ತಿದ್ದದ್ದು ಅಡಿಗೆಮನೆಯ ಕಡೆಗೆ.

 

ಕಟ್ಟೆಗೆ ಹಿಂದಿರುಗಿದರೆ, ಅಲ್ಲಿಯವರೆಗೆ ತುಟಿಬಿಚ್ಚದ ಹುಡುಗ, “ರಾಹುಕಾಲ ಮುಗೀತಲ್ವಾ?” ಎಂದ. ನನ್ನ ಬತ್ತಳಿಕೆ ಬರಿದಾಗಿತ್ತು. ಉಳಿದಿದ್ದುದು ನಿಜ ಒಂದೇ. “ಈಗ್ತಾನೆ ಬೇರೆಯವ್ರು ನೋಡ್ಕೊಂಡು ಹೋದ್ರು. ಅಕ್ಕ ಸ್ವಲ್ಪ ಸುಧಾರಿಸ್ಕೋಬೇಕು” ಎಂದೆ. ಸಂಬಂಧ ಇಲ್ಲಿಗೆ ಮುರಿಯಿತು ಎಂದುಕೊಂಡೆ. ಅವನ ತಂದೆಯ ಹುಬ್ಬು ಗಂಟಾಯಿತು.

ಹುಡುಗ ತಂದೆಯ ಕೈ ಹಿಡಿದ. “ನಮ್ ತಂಗೀನ ನೋಡ್ಕೊಂಡ್ ಹೋದಾಗ ನೋಡಿದೀರಲ್ಲಪ್ಪಾ, ರಾತ್ರಿ ಊಟ ಮಾಡ್ತಿರ್ಲಿಲ್ಲ ಅವ್ಳು. ಬನ್ನಿ, ಇನ್ನೊಂದು ಸುತ್ತು ಹಾಕಣ.”

ದೀಪ ಹಚ್ಚಿದ ಮೇಲೆ ಅವರು ನಮ್ಮ ನಡುಮನೆಗೆ ಇಳಿದರು. ಯಾರೂ ಸೂಜಿ ಕೇಳಲಿಲ್ಲ. ಆ ಹುಡುಗ ಈಗ ನನ್ನ ಭಾವ. ನೆಂಟರೆದುರು ನನ್ನನ್ನು ‘ರಾಹುಕಾಲದ ವಕೀಲ’ ಎಂದೇ ಪರಿಚಯಿಸುತ್ತಾನೆ.

ನನ್ನಲ್ಲೂ ಒಂದು ಕೆಟ್ಟ ಅಭ್ಯಾಸ ಉಳಿದಿದೆ. ಚರ್ಚೆಯಲ್ಲಿ ಎದುರಾಳಿ ಮಾತು ಮುಗಿಸಿ ಕೂತ ತಕ್ಷಣ ನಾನು ಏಳುವುದಿಲ್ಲ. ಅವನ ಮಾತಿನ ಗಾಳಿ ಅಡಗಲೆಂದು ತುಸು ಕೂತಿರುತ್ತೇನೆ. ಕೆಲವೊಮ್ಮೆ ಆ ಹೊತ್ತಿನಲ್ಲಿ ಅವನು ಹೇಳಿದ್ದು ಸರಿಯೆಂದೇ ತೋರಿಬಿಡುತ್ತದೆ. ಉತ್ತರ ಹೊಳೆಯದೆ ಕೂತಿದ್ದಾನೆಂದು ತೀರ್ಪುಗಾರರು ಅಂಕ ಕಳೆಯುತ್ತಾರೆ. ಕಳೆಯಲಿ. ಅಮ್ಮನ ಸೇಫ್ಟಿಪಿನ್ನಿಗೆ ಒಂದು ಕಪ್ಪು ಸಾಕು.